ಗೋಡೆಯಾಚೆಯ ಅರ್ಧ ನಿಮಿಷ

ನಮ್ಮ ಮನೆಯಲ್ಲಿ ಕೂಗುವುದಕ್ಕೆ ಅಪ್ಪಣೆ ಇರಲಿಲ್ಲ. ಮದುವೆಯಾಗಿ ಗೌರಿಬಿದನೂರಿನ ಕಡೆಯಿಂದ ಜಂಗಮಕೋಟೆ ಪಕ್ಕದ ಈ ಊರಿಗೆ ಬಂದ ಮೊದಲ ವಾರದಲ್ಲೇ ಅದು ನನಗೆ ಗೊತ್ತಾಯಿತು. ಅಡುಗೆಮನೆಯಲ್ಲಿ ಪಾತ್ರೆ ಕೈಜಾರಿತು, ನಾನು "ಅಯ್ಯಯ್ಯೋ" ಅಂದೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಬಂದರು.

"ಹುಳ ಜ್ವರಕ್ಕೆ ಕೂತವೆ ಕಣಮ್ಮ. ಮೆತ್ತಗೆ."

ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು ಒಂದು ದಿನ ಅಲುಗಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ಸದ್ದು ಮಾಡಿದರೆ ಹುಳ ಬೆಚ್ಚುತ್ತವೆ, ಬೆಚ್ಚಿದ ಹುಳ ಎಲ್ಲವೂ ಒಟ್ಟಿಗೆ ಏಳುವುದಿಲ್ಲ, ಬೆಳೆ ಕೆಡುತ್ತದೆ ಎನ್ನುವುದು ಅತ್ತೆಯ ನಂಬಿಕೆ. ಒಮ್ಮೆ ರೇಷ್ಮೆ ಇಲಾಖೆಯವರೊಬ್ಬರು ಊರಿಗೆ ಬಂದಾಗ ಕೇಳಿದೆ. ಹುಳಕ್ಕೆ ಕಿವಿ ಎಲ್ಲಿದೆಯಮ್ಮ ಎಂದು ನಕ್ಕರು. ಅದನ್ನು ಅತ್ತೆಗೆ ಹೇಳಿದೆ. "ಅವ್ರ ಮನೇಲಿ ಹುಳ ಮೇಯ್ಸವ್ರಾ?" ಅಂದರು.

ಮನೆಗೆ ನಾವು ಇಬ್ಬರು ಸೊಸೆಯರು. ನಮ್ಮ ಯಜಮಾನರು ಚಿಕ್ಕವರು, ಬಸ್ ಕಂಡಕ್ಟರ್. ಭಾವ ದೊಡ್ಡವರು, ಹಿಪ್ಪುನೇರಳೆ ತೋಟ ಮತ್ತು ಹುಳದ ಮನೆ ಅವರ ಉಸ್ತುವಾರಿ. ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಅವಳ ತವರು ಮುರುಗಮಲ್ಲದ ಹತ್ತಿರ. ಚಿಂತಾಮಣಿಯಲ್ಲಿ ಹೈಸ್ಕೂಲು ಓದುವಾಗ ಹಾಕಿ ಆಡಿದ್ದವಳು. ಮೊಣಕಾಲಿನ ಕೆಳಗೆ ಚೆಂಡು ಬಡಿದ ಗುರುತು ಒಂದು ಕಾಸಿನಗಲ ಇದೆ. ಹೆಣ್ಣು ನೋಡಲು ಹೋದವರಿಗೆ ಅದು ಕಾಣದ ಹಾಗೆ ಅವಳ ಅಮ್ಮ ಸೀರೆಯನ್ನು ಪಾದ ಮುಚ್ಚುವಷ್ಟು ಇಳಿಸಿ ಉಡಿಸಿದ್ದರಂತೆ. ಅತ್ತೆಗೆ ಅದು ಗೊತ್ತಾಗಿದ್ದು ಅವಳಿಗೆ ಮಗುವಾಗಿ ಎಣ್ಣೆ ನೀರು ಹಾಕುವಾಗ.

ನನಗೆ ಹಾಕಿ ಕಲಿಸಿದವಳು ಅವಳೇ. ಆಡುವುದನ್ನಲ್ಲ, ನೋಡುವುದನ್ನು. ರೇಷ್ಮೆ ಗೂಡು ಬಿಡಿಸುವ ದಿನ ಬಿದಿರಿನ ತಟ್ಟೆಯ ಮೇಲೆ ಗೂಡುಗಳನ್ನು ಜೋಡಿಸಿ ಪೆನಾಲ್ಟಿ ಕಾರ್ನರ್ ಅಂದರೆ ಏನೆಂದು ತೋರಿಸುತ್ತಿದ್ದಳು. ಗೋಲಿನ ಗೆರೆಯ ಹಿಂದೆ ಐದು ಬಿಳಿ ಗೂಡು, ಅವು ನಮ್ಮವರು. ಗೋಲಿನ ಮುಂದಿನ ವೃತ್ತದ ಅಂಚಿನಲ್ಲಿ ಹಳದಿ ಗೂಡುಗಳು, ಅವು ಎದುರಾಳಿಗಳು. "ಇವ್ನು ಇಲ್ಲಿಂದ ತಳ್ತಾನೆ, ಅವ್ನು ಅಲ್ಲಿ ತಡೀತಾನೆ, ಇನ್ನೊಬ್ಬ ಎಳ್ದು ಬೀಸ್ತಾನೆ. ಬಿಳಿ ಗೂಡು ಓಡಿ ಬಂದು ಮೈ ಅಡ್ಡ ಹಾಕ್ಬೇಕು. ಹೆದರ್ಕೊಂಡ್ರೆ ಮುಗೀತು ಕಣೇ ಅಮ್ಮಣ್ಣಿ." ನನ್ನನ್ನು ಅಮ್ಮಣ್ಣಿ ಅಂತ ಕರೆಯುತ್ತಿದ್ದುದು ಅವಳೊಬ್ಬಳೇ. ಒಂದು ಸಲ ಎರಡು ಹುಳ ಸೇರಿ ಕಟ್ಟಿದ ಡಬಲ್ ಗೂಡೊಂದನ್ನು ತಂದು ಗೋಲ್‌ಕೀಪರ್ ಮಾಡಿದಳು, ಅದು ಎಲ್ಲದಕ್ಕಿಂತ ದಪ್ಪ ಇತ್ತು.

ಟಿ.ವಿ. ನಡುಮನೆಯಲ್ಲಿತ್ತು, ಹುಳದ ಮನೆ ಅದಕ್ಕೆ ಅಂಟಿಕೊಂಡೇ ಇತ್ತು. ಹೀಗಾಗಿ ನಾವಿಬ್ಬರೂ ಹಾಕಿಯನ್ನು ಮೂಕರ ಹಾಗೆ ನೋಡಲು ಕಲಿತೆವು. ಟಿ.ವಿ. ಸದ್ದು ಒಂದೋ ಎರಡೋ ಗೆರೆ. ಪಂದ್ಯ ಶುರುವಾಗುವ ಮುಂಚೆ ನಾನು ಬಳೆಗಳನ್ನು ಮೊಣಕೈವರೆಗೆ ಏರಿಸಿ ಬಿಗಿ ಮಾಡಿಕೊಳ್ಳುತ್ತಿದ್ದೆ, ಗಲಗಲ ಅನ್ನಬಾರದೆಂದು. ಅಕ್ಕ ಸುಮ್ಮನೆ ಕೂತು ನೋಡಿದವಳಲ್ಲ, ಯಾವಾಗಲೂ ಕೈಯಲ್ಲಿ ಕೆಲಸ ಇರಬೇಕು, ಇಲ್ಲದಿದ್ದರೆ ಅತ್ತೆ ಬಿಡುತ್ತಿರಲಿಲ್ಲ. ಹಲಗೆ ಇಟ್ಟುಕೊಂಡು ಸೊಪ್ಪು ಹೆಚ್ಚುತ್ತಿದ್ದಳು. ಪೆನಾಲ್ಟಿ ಕಾರ್ನರ್ ಬಂತೆಂದರೆ ಕತ್ತಿ ನಿಲ್ಲುತ್ತಿತ್ತು. ನಮ್ಮವರು ಗೋಲು ಹೊಡೆದರೆ ಅಂಗೈಯಿಂದ ಮಂಡಿಗೆ ಒಂದು ಏಟು, ಪಟ್ಟೆಂದು. ಆ ಒಂದು ಸದ್ದನ್ನು ಮಾತ್ರ ಅವಳಿಂದ ತಡೆಯಲಾಗುತ್ತಿರಲಿಲ್ಲ.

"ಏನೇ ಅದು?" ಒಳಗಿಂದ ಅತ್ತೆ.

"ಸೊಳ್ಳೆ, ಅತ್ತೆ."

"ಹಾಕಿ ಇದ್ದ ದಿನಾನೇ ಬರ್ತವಲ್ಲ ನಿನ್ನ ಸೊಳ್ಳೆ!"

ನಾವು ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವು. ಒಲಿಂಪಿಕ್ಸಿನಲ್ಲಿ ನಮ್ಮವರು ನಲವತ್ತು ವರ್ಷದ ಮೇಲೆ ಕಂಚು ಗೆದ್ದ ಬೆಳಿಗ್ಗೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಬೇಕಿತ್ತು. ಅಕ್ಕ ಇಬ್ಬನಿ ಆರಲಿ ಅತ್ತೆ, ಒದ್ದೆ ಸೊಪ್ಪು ಹಾಕಿದರೆ ಹುಳಕ್ಕೆ ಒಳ್ಳೇದಲ್ಲ ಎಂದು ನೆಪ ಹೇಳಿ ಕೂತಳು. ಕೊನೆಯ ಆರು ಸೆಕೆಂಡು ಉಳಿದಿರುವಾಗ ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ನಮ್ಮ ಗೋಲ್‌ಕೀಪರ್ ತಡೆದ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಸದ್ದಿಲ್ಲದೆ ಅತ್ತೆವು. ನನಗೆ ಮಗಳು ಹುಟ್ಟಿದ ದಿನ ಬಿಟ್ಟರೆ ಅಷ್ಟು ಸಂತೋಷ ಪಟ್ಟದ್ದು ಆಗಲೇ.

ಅದಾದ ಮುಂದಿನ ವರ್ಷ ಮನೆ ಪಾಲಾಯಿತು. ಜಗಳ ಯಾವುದರಿಂದ ಶುರುವಾಯಿತೆಂದು ಕೇಳಿದರೆ ಅಣ್ಣ ಒಂದು ಹೇಳುತ್ತಾರೆ, ತಮ್ಮ ಒಂದು ಹೇಳುತ್ತಾರೆ. ನಡುಮನೆಗೂ ಹುಳದ ಮನೆಗೂ ಮಧ್ಯೆ ಇದ್ದ ಬಾಗಿಲು ಕಿತ್ತು ಹಾಲೋಬ್ಲಾಕಿನ ಗೋಡೆ ಎಬ್ಬಿಸಿದರು. ನಮ್ಮ ಕಡೆ ಇನ್ನೂ ಗಾರೆ ಮಾಡಿಸಿಲ್ಲ. ಟಿ.ವಿ. ನಮ್ಮ ಪಾಲಿಗೆ ಬಂತು, ಅತ್ತೆ ಅವರ ಪಾಲಿಗೆ ಹೋದರು. ಲಾಭ ನಮಗೇ ಬಿಡು ಎಂದು ನಮ್ಮ ಯಜಮಾನರು ತಮಾಷೆ ಮಾಡಿದರು, ನನಗೆ ನಗು ಬರಲಿಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟರು. ಅವರು ಬಿಟ್ಟ ಮೇಲೆ ನಾವೂ ಬಿಡಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ಸಲ ನಲ್ಲಿಯ ಹತ್ತಿರ ನಾನು "ಅಕ್ಕ" ಅಂದೆ. ಅವಳು ಹಿಂದೆ ತಿರುಗಿ, ಭಾವ ಜಗಲಿಯಲ್ಲಿ ಇದ್ದಾರೋ ಇಲ್ಲವೋ ನೋಡಿದಳು. ಇದ್ದರು. ಬಿಂದಿಗೆ ತುಂಬುವ ಮುಂಚೆಯೇ ಎತ್ತಿಕೊಂಡು ಹೋದಳು.

ಭಾವ ಆಮೇಲೆ ಚಾಕಿ ಶುರು ಮಾಡಿದರು. ಅಂದರೆ ಮೊಟ್ಟೆಯಿಂದ ಬಂದ ಮರಿಹುಳಗಳನ್ನು ಎರಡನೇ ಜ್ವರ ಏಳುವವರೆಗೆ ಸಾಕಿ, ಮೊದಲೇ ಹೇಳಿಟ್ಟ ರೈತರಿಗೆ ಕೊಡುವುದು. ಮರಿಹುಳಕ್ಕೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಹೆಚ್ಚುವ ಜಾಗ ನಮ್ಮ ಗೋಡೆಯ ಆ ಬದಿಗೇ. ದಿನಾ ಕತ್ತಿಯ ಸದ್ದು ಕೇಳಿಸುತ್ತಿತ್ತು. ಅದು ಅಕ್ಕನ ಕೈ ಎಂದು ನನಗೆ ಗೊತ್ತು, ಅವಳು ಎಡಗೈಲಿ ಸೊಪ್ಪನ್ನು ಒತ್ತಿ ಹಿಡಿದು ಒಂದೇ ವೇಗದಲ್ಲಿ ಹೆಚ್ಚುತ್ತಾಳೆ. ಎಷ್ಟೋ ಮಧ್ಯಾಹ್ನ ನಾನು ಆ ಸದ್ದಿಗೆ ಬೆನ್ನು ಕೊಟ್ಟು ಗೋಡೆಗೊರಗಿ ಕೂತಿದ್ದೇನೆ.

ಮಗಳು ಚಿಕ್ಕಬಳ್ಳಾಪುರದ ಹಾಸ್ಟೆಲಿಗೆ ಹೋದಳು. ಯಜಮಾನರಿಗೆ ಡ್ಯೂಟಿ. ಹಾಕಿ ಬಂದಾಗ ನಾನೊಬ್ಬಳೇ ನೋಡುತ್ತಿದ್ದೆ. ಒಬ್ಬಳೇ ಊಟ ಮಾಡಬಹುದು, ಒಬ್ಬಳೇ ದೇವಸ್ಥಾನಕ್ಕೆ ಹೋಗಿ ಬರಬಹುದು, ಪಂದ್ಯ ಮಾತ್ರ ಒಬ್ಬಳೇ ನೋಡಿದರೆ ನೋಡಿದ ಹಾಗೆಯೇ ಆಗುವುದಿಲ್ಲ. ಮಾರನೆಯ ದಿನ ಯಾರಿಗಾದರೂ ಹೇಳಬೇಕು. ಹಾಲಿನ ಡೈರಿಯಲ್ಲಿ ಹೇಳಿದರೆ, "ಹಾಕಿಯಾ? ಕ್ರಿಕೆಟ್ ಯಾವತ್ತೈತೆ ಅಕ್ಕಾ?" ಎಂದು ಕೇಳಿದರು. ಶಿಡ್ಲಘಟ್ಟದಲ್ಲಿ ಮೊಬೈಲು ರಿಪೇರಿಗೆ ಕೊಡಲು ಹೋದಾಗ ಅಂಗಡಿಯ ಸಾಬರ ಗೋಡೆಯಲ್ಲಿ ಹಾಕಿ ಕೋಲು ಹಿಡಿದ ಹುಡುಗರ ಹಳೆಯ ಫೋಟೊ ಕಂಡಿತು. ನಿನ್ನೆಯ ಪಂದ್ಯ ನೋಡಿದಿರಾ ಎಂದೆ. "ಅದು ನಮ್ಮ ಅಬ್ಬಾಜಾನ್ ಕಾಲದ್ದಮ್ಮ, ಈಗ ಯಾರು ನೋಡ್ತಾರೆ" ಎಂದು ಬಿಲ್ಲು ಬರೆದರು. ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಹೀಗಿರುವಾಗ ಚೆನ್ನೈಯಲ್ಲಿ ಏಷ್ಯಾ ತಂಡಗಳ ಟೂರ್ನಿ ನಡೆಯಿತು. ಫೈನಲ್ಲಿನಲ್ಲಿ ಅರ್ಧ ಆಟ ಮುಗಿದಾಗ ನಮ್ಮವರು ಒಂದು-ಮೂರರಿಂದ ಹಿಂದೆ ಬಿದ್ದಿದ್ದರು. ಆಮೇಲೆ ಒಂದೇ ನಿಮಿಷದೊಳಗೆ ಎರಡು ಗೋಲು. ನಾನು ಮಂಡಿಗೆ ಎರಡು ಸಲ ಹೊಡೆದುಕೊಂಡೆ, ಅಷ್ಟೇ. ಕೊನೆಗೆ ನಾಲ್ಕು ನಿಮಿಷ ಇರುವಾಗ ವೃತ್ತದ ಅಂಚಿನಿಂದ ಬೀಸಿದ ಚೆಂಡು ಬಲೆಗೆ ಬಿತ್ತು. ನಾನು ಎದ್ದು ನಿಂತು "ಗೋಲ್!" ಎಂದು ಕೂಗಿದೆ. ನನ್ನ ಗಂಟಲಲ್ಲಿ ಅಂಥ ಸದ್ದು ಇದೆಯೆಂದು ನನಗೇ ಗೊತ್ತಿರಲಿಲ್ಲ. ಒಂದಲ್ಲ, ಮೂರು ಸಲ ಕೂಗಿದೆ. ನಮ್ಮ ಕಡೆ ಹುಳ ಇಲ್ಲವಲ್ಲ, ಇನ್ನು ಯಾಕೆ ಬಾಯಿ ಕಟ್ಟಿಕೊಂಡಿರಬೇಕು ಅನ್ನಿಸಿದ್ದು ನಿಜ. ಅದಕ್ಕಿಂತ ನಿಜ ಏನೆಂದರೆ, ಗೋಡೆಯಾಚೆ ಅಕ್ಕನಿಗೆ ಕೇಳಲಿ ಎಂದೇ ಕೂಗಿದೆ. ಅವಳ ಹತ್ತಿರ ಟಿ.ವಿ. ಇರಲಿಲ್ಲ. ಗೆದ್ದೆವು ಎಂದು ಅವಳಿಗೆ ಹೇಳುವುದಕ್ಕೆ ನನಗೆ ಬೇರೆ ದಾರಿ ಇರಲಿಲ್ಲ.

ಆ ದಿನ ಆ ಬದಿಯಲ್ಲಿ ಹುಳ ಎರಡನೇ ಜ್ವರಕ್ಕೆ ಕೂತಿದ್ದವು. ಕತ್ತಿಯ ಸದ್ದು ಇಲ್ಲದ್ದು ನೋಡಿ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಮೂರು ದಿನದ ಮೇಲೆ ಭಾವ ನಮ್ಮ ಜಗಲಿಯ ಮುಂದೆ ಬಂದು ನಿಂತರು. ಪಾಲಾದ ಮೇಲೆ ಅವರು ನಮ್ಮ ಬಾಗಿಲಿಗೆ ಬಂದದ್ದು ಅದೇ ಮೊದಲು. ಹುಳ ಸಮನಾಗಿ ಎದ್ದಿರಲಿಲ್ಲವಂತೆ, ಅರ್ಧ ದೊಡ್ಡವು, ಅರ್ಧ ಎಳ್ಳಿನಷ್ಟು. ಹೇಳಿಟ್ಟಿದ್ದ ರೈತರು ಬಂದು ನೋಡಿ ಬೇಡವೆಂದು ಹೋದರಂತೆ.

"ನಿನ್ನ ಹೆಂಡ್ತಿ ಬೇಕೂ ಅಂತ್ಲೇ ಕೂಗವಳೆ" ಎಂದು ತಮ್ಮನಿಗೆ ಹೇಳಿದರು. "ಹುಳ ಜ್ವರದಾಗಿರೋ ದಿನ ನೋಡ್ಕೊಂಡು, ಗೋಡೆ ಪಕ್ಕದಾಗೆ ನಿಂತ್ಕೊಂಡು."

ಅತ್ತೆಯೂ ಹಿಂದೆಯೇ ಬಂದಿದ್ದರು. "ನಿನ್ನ ಕೂಗಿಗೆ ಹುಳ ಇರ್ಲಿ, ನಮ್ಮ ದೊಡ್ಡ ಸೊಸೇನೇ ಬೆಚ್ಚಿ ಬಿದ್ಲಲ್ಲೇ ತಾಯಿ. ಕೈಯಾಗಿದ್ದ ಮೊಬೈಲು ಬಿದ್ದು ಗಾಜು ಒಡ್ದು ಹೋಯ್ತು" ಅಂದರು.

ನಾನು ಹಾಕಿ ನೋಡ್ತಿದ್ದೆ, ಗೋಲು ಬಿತ್ತು, ಅದಕ್ಕೆ ಕೂಗಿದೆ ಎಂದೆ. ಭಾವ ನಕ್ಕರು. "ಮನೇಲಿ ಒಬ್ಳೇ ಕೂತ್ಕೊಂಡು ಹಾಕಿಗೆ ಕೂಗೋರು ಯಾರಾದ್ರೂ ಇದಾರಾ? ಕ್ರಿಕೆಟ್ ಅಂದಿದ್ರೆ ನಂಬ್ತಿದ್ದೆ." ಅಕ್ಕಪಕ್ಕದವರು ನಿಂತು ಕೇಳುತ್ತಿದ್ದರು, ಅವರಿಗೂ ನಗು ಬಂತು.

ಅಕ್ಕ ಅವರ ಬಾಗಿಲಲ್ಲಿ ಸೊಪ್ಪಿನ ಕುಕ್ಕೆ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ನಾನು ಅವಳನ್ನೇ ನೋಡಿದೆ. ಹಾಕಿಗೆ ಕೂಗುವವರು ಇದ್ದಾರೆ ಎಂದು ಆ ಬೀದಿಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಹೌದು, ಇವಳಿಗೆ ಆ ಹುಚ್ಚಿದೆ, ಹಚ್ಚಿದ್ದು ನಾನೇ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಕುಕ್ಕೆಯಿಂದ ಒಂದು ಎಲೆ ತೆಗೆದು ಅದರ ತೊಟ್ಟು ಮುರಿದಳು. ಇನ್ನೊಂದು ಎಲೆ ತೆಗೆದಳು. ತಲೆ ಎತ್ತಲಿಲ್ಲ.

ಪಕ್ಕದ ತೋಟದವರು ಹೊಡೆದ ಔಷಧಿ ಗಾಳಿಗೆ ಬಂದು ಭಾವನ ಸೊಪ್ಪಿಗೆ ತಗುಲಿತ್ತೆಂದು ಆಮೇಲೆ ಗೊತ್ತಾಯಿತಂತೆ. ಅದನ್ನು ನನಗೆ ಹೇಳಿದ್ದು ಡೈರಿಯವರು. ನಮ್ಮ ಬಾಗಿಲಿಗೆ ಬಂದು ಬೈದವರು ಯಾರೂ ಅದನ್ನು ಹೇಳಲು ಬರಲಿಲ್ಲ. ಊರಿನಲ್ಲಿ ನನ್ನ ಹೆಸರು ಹೊಟ್ಟೆಕಿಚ್ಚಿಗೆ ಕೂಗಿದವಳು ಎಂದೇ ನಿಂತಿತು. ಯಾರ ಮನೆಯಲ್ಲಾದರೂ ಹುಳ ಜ್ವರಕ್ಕೆ ಕೂತಿದ್ದರೆ ನಾನು ಹೋದಾಗ ಬಾಗಿಲು ಅರ್ಧ ಮುಂದಕ್ಕೆ ಮಾಡುತ್ತಿದ್ದರು.

ಅಕ್ಕನ ಮೇಲೆ ನನಗೆ ಕೋಪ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ತಿಂಗಳು ಅವಳ ಕತ್ತಿಯ ಸದ್ದು ಕೇಳಿದರೆ ಮಿಕ್ಸಿ ಹಾಕುತ್ತಿದ್ದೆ. ಆಮೇಲೆ ನಾನೇ ಅವಳ ಪರವಾಗಿ ವಾದ ಮಾಡಿಕೊಂಡೆ. ಟಿ.ವಿ. ಇಲ್ಲ, ಬೆಳಗಿನಿಂದ ರಾತ್ರಿವರೆಗೆ ಚಾಕಿ ಕೆಲಸ, ಹಾಕಿಯನ್ನು ಅವಳು ಮರೆತೇಬಿಟ್ಟಿರಬೇಕು. ಆ ದಿನ ಪಂದ್ಯ ಇತ್ತೆಂದೂ ಗೊತ್ತಿಲ್ಲದಿರಬಹುದು. ಗೊತ್ತಿಲ್ಲದವಳು ಏನೆಂದು ಸಾಕ್ಷಿ ಹೇಳುತ್ತಾಳೆ? ಹೀಗೆ ಎರಡು ವರ್ಷ ಅವಳ ಮೇಲೆ ಕನಿಕರ ಇಟ್ಟುಕೊಂಡು ಬದುಕಿದೆ. ಕೋಪಕ್ಕಿಂತ ಅದು ಹಗುರಾಗಿತ್ತು.

ಮಧ್ಯೆ ಇನ್ನೊಂದು ಒಲಿಂಪಿಕ್ಸ್ ಬಂದು ಹೋಯಿತು. ಸೆರಗು ಬಾಯಿಗಿಟ್ಟುಕೊಂಡೇ ನೋಡಿದೆ. ಒಂದು ಗೋಲಾದಾಗ ತಡೆಯಲಾರದೆ ಹಾಸ್ಟೆಲಿನಲ್ಲಿದ್ದ ಮಗಳಿಗೆ ಫೋನು ಮಾಡಿದೆ. ಅವಳು ನನ್ನ ಸಂತೋಷಕ್ಕೆಂದು ಮೊಬೈಲಿನಲ್ಲಿ ಪಂದ್ಯ ಹಾಕಿಕೊಂಡಿದ್ದಳು. "ಅಮ್ಮಾ, ಹೇಳ್ಬೇಡ, ಹೇಳ್ಬೇಡ! ನಂಗಿನ್ನೂ ಬಂದಿಲ್ಲ. ಮೊಬೈಲಲ್ಲಿ ಅರ್ಧ ನಿಮಿಷ ಲೇಟಾಗಿ ಬರುತ್ತೆ" ಎಂದು ರೇಗಿದಳು. ಎರಡನೇ ಪಂದ್ಯದ ಹೊತ್ತಿಗೆ ಅವಳಿಗೆ ಪರೀಕ್ಷೆ ಬಂತು.

ಅದರ ಮುಂದಿನ ವರ್ಷದ ಏಷ್ಯಾ ಟೂರ್ನಿಯಲ್ಲಿ ನಮ್ಮವರ ಮೊದಲ ಪಂದ್ಯ ಚೀನಾದ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ. ಗೋಡೆಯಾಚೆ ಕತ್ತಿ ನಡೆಯುತ್ತಿತ್ತು. ಆಟ ಮೇಲೆ ಕೆಳಗೆ ಆಗುತ್ತ ಮೂರು-ಮೂರಕ್ಕೆ ಬಂದು ನಿಂತಿತು. ಅದಕ್ಕೆ ಮುಂಚೆ ಒಂದು ಪೆನಾಲ್ಟಿ ಕಾರ್ನರ್ ಆದ ಮೇಲೆ ನನಗೆ ಏನೋ ಒಂದು ಬದಲಾದಂತೆ ಅನ್ನಿಸಿತ್ತು. ಏನೆಂದು ನೋಡಿದರೆ ಕತ್ತಿ ನಿಂತಿತ್ತು. ಸೊಪ್ಪು ಮುಗಿದಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಮುಂದಿನ ಕಾರ್ನರ್ ಬಂದಾಗ ನಾನು ಟಿ.ವಿ. ಸದ್ದು ಪೂರ್ತಿ ಇಳಿಸಿದೆ. ಆಟಗಾರರು ವೃತ್ತದ ಅಂಚಿಗೆ ಬಂದು ನಿಂತರು. ಆಚೆ ಕತ್ತಿ ನಡೆಯುತ್ತಲೇ ಇತ್ತು. ಚೆಂಡು ಹೊಡೆದದ್ದೂ ಆಯಿತು, ಅವರು ತಡೆದದ್ದೂ ಆಯಿತು, ಕತ್ತಿ ನಡೆಯುತ್ತಲೇ ಇತ್ತು. ನನ್ನಷ್ಟಕ್ಕೆ ಬೆರಳು ಎಣಿಸುತ್ತಾ ಬಂದೆ. ಅರ್ಧ ನಿಮಿಷ ಆಗುವಷ್ಟರಲ್ಲಿ ಕತ್ತಿ ನಿಂತಿತು. ಒಂದು ಕಾರ್ನರ್ ಹೊಡೆಯುವಷ್ಟು ಹೊತ್ತು ನಿಂತಿತು. ಆಮೇಲೆ ಮತ್ತೆ ನಡೆಯಿತು, ಸ್ವಲ್ಪ ಜೋರಾಗಿ.

ಅಕ್ಕ ನೋಡುತ್ತಿದ್ದಳು. ಸೊಪ್ಪಿನ ಹಲಗೆಯ ಪಕ್ಕದಲ್ಲಿ ಮೊಬೈಲು ಇಟ್ಟುಕೊಂಡು, ಅತ್ತೆಗೆ ಕೇಳದ ಹಾಗೆ ಸದ್ದು ತೆಗೆದು, ನನಗಿಂತ ಅರ್ಧ ನಿಮಿಷ ಹಿಂದೆ ನೋಡುತ್ತಿದ್ದಳು.

ನನ್ನ ಕಣ್ಣು ತುಂಬಿ ಬಂತು, ಸಂತೋಷಕ್ಕೇ. ಅಕ್ಕ ನನ್ನ ಜೊತೆಯಲ್ಲೇ ಇದ್ದಳಲ್ಲ ಎಂದು. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಆ ಹಳೆಯ ಮೊಬೈಲು ನೆನಪಾಯಿತು, ಚೆನ್ನೈ ಫೈನಲ್ಲಿನ ದಿನ ಅವಳ ಕೈಯಿಂದ ಬಿದ್ದು ಗಾಜು ಒಡೆದದ್ದು. ಹುಳ ಜ್ವರಕ್ಕೆ ಕೂತಿರುವ ಹೊತ್ತಿನಲ್ಲಿ ಅವಳ ಕೈಯಲ್ಲಿ ಮೊಬೈಲು ಯಾಕಿತ್ತು ಎಂದು ಎರಡು ವರ್ಷ ನಾನು ಕೇಳಿಕೊಂಡೇ ಇರಲಿಲ್ಲ. ಅವಳು ಆ ದಿನವೂ ನೋಡುತ್ತಿದ್ದಳು. ನಾನು ಕೂಗಿದ್ದು ಗೋಲಿಗೆ ಎಂದು ಆ ಕ್ಷಣದಲ್ಲೇ ಅವಳಿಗೆ ಗೊತ್ತಿತ್ತು, ಅರ್ಧ ನಿಮಿಷದ ಮೇಲೆ ಒಡೆದ ಗಾಜಿನಲ್ಲೇ ಕಣ್ಣಾರೆ ಕಂಡೂ ಇರಬೇಕು. ಎಲ್ಲ ಗೊತ್ತಿದ್ದು ಬಾಗಿಲಲ್ಲಿ ನಿಂತು ಎಲೆಯ ತೊಟ್ಟು ಮುರಿದಳು. ಗೋಲು ಬಿದ್ದದ್ದು ನಿನಗೆ ಹೇಗೆ ಗೊತ್ತು ಎಂದು ಅತ್ತೆ ಕೇಳುತ್ತಾರೆ, ಹುಳ ಬಿಟ್ಟು ಮೊಬೈಲಿನಲ್ಲಿ ಹಾಕಿ ನೋಡುತ್ತಿದ್ದೆಯಾ ಎಂದು ಭಾವ ಕೇಳುತ್ತಾರೆ. ಹೆದರಿದಳು. ಹೆದರಿಕೊಂಡರೆ ಮುಗಿಯಿತು ಎಂದು ನನಗೆ ಹೇಳಿಕೊಟ್ಟವಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬಾಯಿ ಬಿಡುತ್ತಿದ್ದೆನೋ ಇಲ್ಲವೋ, ಈಗ ಹೇಳಲಾರೆ. ಆಗ ಮಾತ್ರ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು.

ಅಷ್ಟರಲ್ಲಿ ಇನ್ನೊಂದು ಪೆನಾಲ್ಟಿ ಕಾರ್ನರ್. ಕೊನೆಯ ಕ್ವಾರ್ಟರ್, ಮೂರು-ಮೂರು. ತಳ್ಳಿದರು, ತಡೆದರು, ಎಳೆದು ಬೀಸಿದರು. ಗೋಲು.

ಟಿ.ವಿ.ಯಲ್ಲಿ ಸದ್ದಿರಲಿಲ್ಲ. ಆಚೆ ಕತ್ತಿ ಒಂದೇ ವೇಗದಲ್ಲಿ ಕಟ ಕಟ ಎಂದು ನಡೆಯುತ್ತಿತ್ತು, ಏನೂ ಗೊತ್ತಿಲ್ಲದ ಹಾಗೆ. ನಾನು ಬಾಯಿ ತೆರೆದೆ. ಈಗ ಕೂಗಿದರೆ ಈ ಗೋಲು ಅವಳಿಗೆ ಸಿಗುವುದಿಲ್ಲ, ಎರಡು ವರ್ಷ ನನ್ನಿಂದ ಕಿತ್ತುಕೊಂಡಿದ್ದಕ್ಕೆ ಇದೊಂದನ್ನು ನಾನು ಕಿತ್ತುಕೊಳ್ಳಬಹುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಊರವರು ಅಂದಂತೆ ಹೊಟ್ಟೆಕಿಚ್ಚಿಗೆ ಕೂಗುವುದು ಅಂದರೆ ಇದೇ. ಹತ್ತು ಎಣಿಸಿದೆ. ತಟ್ಟೆಯ ಮೇಲೆ ಸಾಲಾಗಿ ಕೂತ ಐದು ಬಿಳಿ ಗೂಡುಗಳು ಯಾಕೋ ಕಣ್ಣ ಮುಂದೆ ಬಂದವು. ಬಳೆಗಳನ್ನು ಮೊಣಕೈಗೆ ಏರಿಸಿಕೊಂಡೆ. ಇಪ್ಪತ್ತು ಎಣಿಸಿದೆ. ಕತ್ತಿ ನಿಂತಿತು.

ಆಮೇಲೆ ಗೋಡೆಯಾಚೆ ಪಟ್ಟೆಂದು ಒಂದು ಏಟು.

"ಏನೇ ಅದು?" ಅತ್ತೆಯ ದನಿ, ಮೊದಲಿಗಿಂತ ಮುದಿಯಾಗಿತ್ತು.

"ಸೊಳ್ಳೆ, ಅತ್ತೆ."

ನಾನೂ ನನ್ನ ಮಂಡಿಗೆ ಒಂದು ಹೊಡೆದುಕೊಂಡೆ, ಜೋರಾಗಿಯೇ. ಏನದು ಎಂದು ಕೇಳುವವರು ಈ ಬದಿಯಲ್ಲಿ ಯಾರೂ ಇರಲಿಲ್ಲ.